ಒಂದು ರೂಪಾಯಿ ಸಾಮಾನು, ಮುನ್ನೂರು ರೂಪಾಯಿ ಪೋಸ್ಟೇಜು

ಸ್ಟಾಂಪು ಕೂಡಿಡೋ ಹುಚ್ಚು ನಂಗೆ ಹೈಸ್ಕೂಲಿಂದ ಇದೆ, ಅದಕ್ಕೆ ದುಡ್ಡು ಕಳ್ಕೊಂಡ ಕಥೆಗಳೂ ಬೇಕಾದಷ್ಟಿವೆ, ಅದ್ರಲ್ಲಿ ಒಂದು ಮಾತ್ರ ಇಲ್ಲಿಗೆ ಬೇಕು. ಹದಿನೈದು ವರ್ಷದ ಹಿಂದೆ ಇರ್ಬೇಕು, ಒಂದು ವಿದೇಶಿ ಹರಾಜು ಸೈಟಲ್ಲಿ ಮೈಸೂರು ಸಂಸ್ಥಾನದ ಹಳೇ ಕೋರ್ಟ್ ಫೀ ಸ್ಟಾಂಪುಗಳ ಒಂದು ಲಾಟ್ (ಒಟ್ಟಿಗೆ ಮಾರೋ ಕಟ್ಟು) ಕಣ್ಣಿಗೆ ಬಿತ್ತು. ಶುರು ಬೆಲೆ 99 ಸೆಂಟ್. ಮೂರು ದಿನ ಕಾದು, ಕೊನೇ ದಿನ ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದು ಬಿಡ್ ಹಾಕಿದೆ, 3 ಡಾಲರ್ 25 ಸೆಂಟಿಗೆ ನಂದಾಯ್ತು. ಖುಷೀಲಿ ಮಲಗಿ ಬೆಳಿಗ್ಗೆ ಎದ್ದು ನೋಡಿದ್ರೆ ಬಿಲ್ ಬಂದಿದೆ: ಸ್ಟಾಂಪಿಗೆ 3.25, ಶಿಪ್ಪಿಂಗ್ ಅಂಡ್ ಹ್ಯಾಂಡ್ಲಿಂಗ್ (ಕಳಿಸೋ ಖರ್ಚು, ಪ್ಯಾಕ್ ಮಾಡಿ ಓಡಾಡೋ ಖರ್ಚು) 18 ಡಾಲರ್. ಬಯ್ಕೊಂಡೇ ಕಟ್ಟಿದೆ. ತಿಂಗಳಾದ್ಮೇಲೆ ಕವರ್ ಬಂತು, ಮಾಮೂಲಿ ತೆಳು ಕವರ್ರು, ಒಳಗೆ ಒಂದು ರಟ್ಟಿನ ತುಂಡು. ಕವರ್ ಮೇಲೆ ಅಂಟಿಸಿದ್ದ ಸ್ಟಾಂಪನ್ನೆಲ್ಲ ಕೂಡಿಸಿ ನೋಡಿದ್ರೆ ಎರಡು ಡಾಲರ್ ಕೂಡ ಆಗಲ್ಲ. ಸ್ಟಾಂಪ್ ಕಲೆಕ್ಟರ್‌ಗೆ ಟೋಪಿ ಹಾಕಿದವನು ಸಾಕ್ಷೀನ ಸ್ಟಾಂಪಲ್ಲೇ ಅಂಟಿಸಿ ಕಳಿಸಿದ್ದ!

ಆದ್ರೆ ನಿಜ ಹೇಳ್ಬೇಕು ಅಂದ್ರೆ ಆ ಮನುಷ್ಯ ಸುಳ್ಳೇನೂ ಹೇಳಿರ್ಲಿಲ್ಲ. ವಾಪಸ್ ಹೋಗಿ ಲಿಸ್ಟಿಂಗ್, ಅಂದ್ರೆ ಸಾಮಾನಿನ ವಿವರ ಹಾಕಿದ ಪೇಜು, ನೋಡ್ದೆ, ಕೆಳಗೆ, ಫೋಟೋ ಎಲ್ಲ ಮುಗಿದ್ಮೇಲೆ, ತನ್ನ ರಿಟರ್ನ್ ಪಾಲಿಸಿ, ಹಬ್ಬದ ಶುಭಾಶಯ ಎಲ್ಲ ಆದ್ಮೇಲೆ ಒಂದು ಸಾಲಲ್ಲಿ ಹೊರದೇಶಕ್ಕೆ 18 ಡಾಲರ್ ಅಂತ ಬರೆದಿತ್ತು. ನಾನು ಓದಿರ್ಲಿಲ್ಲ ಅಷ್ಟೆ. ಹಂಗಾದ್ರೆ ಇದು ಮೋಸನಾ, ನನ್ನ ಬೇಜವಾಬ್ದಾರಿನಾ? ಇದನ್ನ ಯೋಚನೆ ಮಾಡ್ತಾ ಓದ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಪೋಸ್ಟೇಜು ಅನ್ನೋದು ಹರಾಜಿನ ಪಕ್ಕದಲ್ಲಿರೋ ಚಿಲ್ಲರೆ ಖರ್ಚಲ್ಲ, ಬೆಲೆಯ ಒಂದು ಭಾಗವನ್ನ ಎತ್ತಿ ಬಚ್ಚಿಡೋಕೆ ಅದಕ್ಕಿಂತ ಒಳ್ಳೇ ಜಾಗ ಸಿಗಲ್ಲ, ಮತ್ತೆ ಅಲ್ಲಿ ಬಚ್ಚಿಟ್ರೆ ಸೆಲ್ಲರ್‌ಗೆ ಒಂದಲ್ಲ, ಮೂರ್ನಾಲ್ಕು ಕಡೆಯಿಂದ ಲಾಭ ಬರತ್ತೆ.

ನಮ್ಮ ಕಡೆ ಗಣೇಶನ ಲಾಡು ಸವಾಲಿಗೆ ಇಡ್ತಾರಲ್ಲ, ಅಲ್ಲಿ ಕೂಗಿದವನು ಕೂಗಿದಷ್ಟು ಕೊಟ್ಟು ಲಾಡು ತಗೊಂಡು ಹೋಗ್ತಾನೆ. ಐದು ಸಾವಿರಕ್ಕೆ ಸವಾಲು ಮುಗಿದ್ಮೇಲೆ ಕಮಿಟಿಯವರು ಬಂದು "ತಟ್ಟೆಗೆ ಬೇರೆ ಎರಡು ಸಾವಿರ" ಅಂದ್ರೆ ಅಲ್ಲೇ ಜಗಳ ಆಗ್ತಿತ್ತು. ಆನ್‌ಲೈನಲ್ಲಿ ಯಾಕೆ ಆಗಲ್ಲ ಅಂದ್ರೆ ಅಲ್ಲಿ ತಟ್ಟೆ ನಿಜವಾಗ್ಲೂ ಬೇಕು. ಸಾಮಾನು ಒಂದೂರಿಂದ ಇನ್ನೊಂದೂರಿಗೆ ಬರ್ಬೇಕು, ಪ್ಯಾಕ್ ಮಾಡ್ಬೇಕು, ಪೋಸ್ಟಾಫೀಸಿಗೆ ಹೋಗ್ಬೇಕು, ಖರ್ಚು ಇದ್ದೇ ಇರತ್ತೆ. ಆ ನಿಜವಾದ ಖರ್ಚಿನ ಹಿಂದೆ ನಿಜವಲ್ಲದ್ದನ್ನ ನಿಲ್ಲಿಸೋದು ಸುಲಭ.

ಈಗ ಸ್ವಲ್ಪ ಲೆಕ್ಕ. ಒಂದು ಹಳೇ ರೇಡಿಯೋ ಇದೆ ಅನ್ಕೊಳ್ಳಿ, ಅದು ನಿಮ್ಮ ಮನೆಗೆ ಬಂದು ಸೇರೋ ಹೊತ್ತಿಗೆ ನಿಮಗೆ ಅದರ ಬೆಲೆ 500 ರೂಪಾಯಿ, ಅದಕ್ಕಿಂತ ಒಂದು ರೂಪಾಯಿನೂ ಜಾಸ್ತಿ ಕೊಡಲ್ಲ. ಪೋಸ್ಟೇಜು 50 ಇದ್ರೆ ನೀವು 450ರವರೆಗೆ ಬಿಡ್ ಹಾಕ್ತೀರಿ, 300 ಇದ್ರೆ 200ಕ್ಕೆ ನಿಲ್ಲಿಸ್ತೀರಿ. ಎದುರಿಗಿರೋರೂ ಹಿಂಗೇ ಲೆಕ್ಕ ಹಾಕಿದ್ರೆ ಸೆಲ್ಲರ್ ಪೋಸ್ಟೇಜ್ ಎಷ್ಟಾದ್ರೂ ಬರ್ಕೊಳ್ಳಲಿ, ಅವನ ಕೈಗೆ ಬರೋ ಒಟ್ಟು ದುಡ್ಡು ಅಷ್ಟೇ. ಒಂದು ಕಡೆ ಏರಿಸಿದ್ದು ಇನ್ನೊಂದು ಕಡೆ ಇಳಿಯತ್ತೆ. ಇಬೇ ಅನ್ನೋ ಅಮೆರಿಕಾದ ಹರಾಜು ಸೈಟಿದೆಯಲ್ಲ, ಆ ತರದ ಸೈಟಲ್ಲಿ ನೀವು ನಿಮ್ಮ ಗರಿಷ್ಠ ಮೊತ್ತ ಹೇಳಿಬಿಟ್ರೆ ಸಾಕು, ಸಿಸ್ಟಮ್ಮೇ ನಿಮ್ಮ ಪರವಾಗಿ ಎರಡನೇ ದೊಡ್ಡ ಬಿಡ್‌ಗಿಂತ ಒಂಚೂರು ಮೇಲಕ್ಕೆ ಕೂಗ್ತಾ ಹೋಗತ್ತೆ, ಅಂದ್ರೆ ಗೆದ್ದವನು ಕೊಡೋದು ಹೆಚ್ಚುಕಮ್ಮಿ ಎರಡನೆಯವನ ಬೆಲೆ. 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ವಿಲಿಯಂ ವಿಕ್ರಿ ಈ ತರದ ಹರಾಜಿನ ಬಗ್ಗೆ ಹೇಳಿದ್ದು, ಇಲ್ಲಿ ನಿಮ್ಮ ಮನಸ್ಸಲ್ಲಿರೋ ನಿಜವಾದ ಬೆಲೇನೇ ಹೇಳೋದು ನಿಮಗೆ ಲಾಭ ಅಂತ. ಹಂಗಾಗಿ ಕಾಗದದ ಮೇಲೆ ಪೋಸ್ಟೇಜ್ ಆಟ ನಡೆಯಲೇಬಾರದು.

ನಡೆಯತ್ತೆ ಅಂತ ತೋರಿಸಿದ್ದು ತಂಜಿಮ್ ಹೊಸೇನ್ ಮತ್ತೆ ಜಾನ್ ಮಾರ್ಗನ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು. ಅವರು ಮಾಡಿದ ಕೆಲಸ ತುಂಬ ಸರಳ, 2006ರಲ್ಲಿ ಪ್ರಕಟ ಆಯ್ತು. ಹೊಸ ಮ್ಯೂಸಿಕ್ ಸಿಡಿಗಳು, ಎಕ್ಸ್‌ಬಾಕ್ಸ್ ಗೇಮ್‌ಗಳು ತಗೊಂಡು ಇಬೇಲಿ ತಾವೇ ಹರಾಜಿಗೆ ಇಟ್ರು, ಒಟ್ಟು 80 ಹರಾಜು. ಒಂದೇ ಸಿಡಿನ ಒಂದು ಕಡೆ 4 ಡಾಲರ್ ಶುರು ಬೆಲೆ, ಶಿಪ್ಪಿಂಗ್ ಸೊನ್ನೆ ಅಂತ ಇಟ್ರು. ಇನ್ನೊಂದು ಕಡೆ ಅದೇ ಸಿಡಿ, ಶುರು ಬೆಲೆ ಒಂದು ಸೆಂಟ್, ಶಿಪ್ಪಿಂಗ್ 3.99. ಕೂಡಿಸಿದ್ರೆ ಎರಡೂ ಒಂದೇ 4 ಡಾಲರ್. ಲೆಕ್ಕ ಬಲ್ಲ ಜನ ಆದ್ರೆ ಎರಡಕ್ಕೂ ಒಂದೇ ತರ ಬರ್ಬೇಕಲ್ವಾ? ಒಂದು ಸೆಂಟಿನ ಲಿಸ್ಟಿಂಗಿಗೆ ಜಾಸ್ತಿ ಜನ ಬಂದ್ರು, ಬೇಗ ಬಂದ್ರು, ಕೊನೇಲಿ ಶಿಪ್ಪಿಂಗೂ ಸೇರಿಸಿ ನೋಡಿದ್ರೆ ಒಟ್ಟು ದುಡ್ಡೂ ಜಾಸ್ತಿ ಬಂತು.

ಅದೇ ಪ್ರಯೋಗದಲ್ಲಿ ಇನ್ನೊಂದು ಜೋಡಿ ಇತ್ತು, 6 ಡಾಲರ್ ಶುರು ಮತ್ತು 2 ಡಾಲರ್ ಶಿಪ್ಪಿಂಗ್ ಒಂದು, ಅದನ್ನೇ ತಿರುಗಿಸಿ 2 ಡಾಲರ್ ಶುರು ಮತ್ತು 6 ಡಾಲರ್ ಶಿಪ್ಪಿಂಗ್ ಇನ್ನೊಂದು. ಇದ್ರಲ್ಲಿ ಗೇಮ್‌ಗಳಿಗೆ ಆಟ ನಡೀತು, ಸಿಡಿಗಳಿಗೆ ನಡೀಲಿಲ್ಲ. ಯಾಕಂದ್ರೆ ಸಿಡಿ ಅಗ್ಗದ್ದು, ಅದಕ್ಕೆ 6 ಡಾಲರ್ ಶಿಪ್ಪಿಂಗ್ ಅಂದ ತಕ್ಷಣ ಜನರ ಕಣ್ಣಿಗೆ ಹೊಡೆಯತ್ತೆ. ಅಂದ್ರೆ ಜನ ಕುರುಡರಲ್ಲ, ಸಾಮಾನಿನ ಬೆಲೆ ಮುಂದೆ ಪೋಸ್ಟೇಜು ಚಿಕ್ಕದಾಗಿ ಕಂಡ್ರೆ ಅದರ ಕಡೆ ಪೂರ್ತಿ ಗಮನ ಕೊಡಲ್ಲ ಅಷ್ಟೆ. ನಾವು ಹಬ್ಬದ ಬಟ್ಟೆಗೆ ಐದು ಸಾವಿರ ಕೊಟ್ಟು ಬಂದು ಪಾರ್ಕಿಂಗ್‌ನವನ ಹತ್ರ ಇಪ್ಪತ್ತು ರೂಪಾಯಿಗೆ ಜಗಳ ಆಡ್ತೀವಲ್ಲ, ಅದೂ ಇದೇ ಜಾತಿಯ ಲೆಕ್ಕ, ಉಲ್ಟಾ ಕಡೆಯಿಂದ.

ಆಮೇಲೆ 2010ರಲ್ಲಿ ಇವರಿಬ್ರ ಜೊತೆ ಜೆನಿಫರ್ ಬ್ರೌನ್ ಸೇರ್ಕೊಂಡು ತೈವಾನ್ ಮತ್ತು ಐರ್ಲೆಂಡಿನ ಹರಾಜು ಸೈಟುಗಳಲ್ಲಿ ಐಪಾಡ್ ಮಾರಿ ನೋಡಿದ್ರು. ಈ ಸಲ ಶಿಪ್ಪಿಂಗ್ ಎಷ್ಟು ಅನ್ನೋದರ ಜೊತೆಗೆ ಅದು ಎಲ್ಲಿ ಕಾಣತ್ತೆ ಅನ್ನೋದನ್ನೂ ಬದಲಾಯಿಸಿದ್ರು, ಕೆಲವದರಲ್ಲಿ ತಲೆಬರಹದಲ್ಲೇ, ಕೆಲವದರಲ್ಲಿ ಒಳಗೆ ಹೋಗಿ ಹುಡುಕಬೇಕು. ಬಂದ ಉತ್ತರ ಎರಡು ತುದಿಯದ್ದು. ಶಿಪ್ಪಿಂಗ್ ಕಮ್ಮಿ ಇದ್ರೆ ಬಾಯ್ಬಿಟ್ಟು ಹೇಳಿದವನಿಗೇ ಲಾಭ. ಶಿಪ್ಪಿಂಗ್ ಮರೆಯಲ್ಲಿದ್ರೆ ಅದನ್ನ ಏರಿಸಿದಷ್ಟೂ ಸೆಲ್ಲರ್‌ಗೆ ಒಟ್ಟು ಆದಾಯ ಜಾಸ್ತಿ. ಇದು ಓದಿದ್ಮೇಲೆ ನಾನು ಒಂದು ಅಭ್ಯಾಸ ಮಾಡ್ಕೊಂಡೆ: ಯಾವ ಲಿಸ್ಟಿಂಗಲ್ಲಿ ಪೋಸ್ಟೇಜು ಹುಡುಕಬೇಕೋ ಅಲ್ಲಿ ಅದು ಜಾಸ್ತಿನೇ ಇರತ್ತೆ ಅಂತ ಅನ್ಕೊಂಡೇ ಹುಡುಕ್ತೀನಿ. ಕಮ್ಮಿ ಇದ್ದಿದ್ರೆ ಅವನೇ ದಪ್ಪ ಅಕ್ಷರದಲ್ಲಿ ಹಾಕ್ಕೊಂಡಿರ್ತಿದ್ದ.

ಇದು ಕೊಳ್ಳೋರ ತಲೆ ಕಡೆಯ ವಿಷ್ಯ ಆಯ್ತು. ಮಾರೋರ ಕಡೆಯ ಲಾಭ ಬೇರೇನೇ ಇದೆ, ಅದು ಇನ್ನೂ ಗಟ್ಟಿ.

ಹರಾಜು ಸೈಟುಗಳು ಬದುಕೋದು ಕಮಿಷನ್ ಮೇಲೆ. ಇಬೇನ ಪಿಯೆರ್ ಒಮಿಡಿಯಾರ್ 1995ರಲ್ಲಿ ಆಕ್ಷನ್‌ವೆಬ್ ಅಂತ ಶುರು ಮಾಡಿದಾಗ ಮೊದಲು ಮಾರಾಟ ಆಗಿದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್ ಅಂತ ಹೇಳ್ತಾರಲ್ಲ, 14.83 ಡಾಲರಿಗೆ, ಆಗಿಂದ ಎಷ್ಟೋ ವರ್ಷ ಕಮಿಷನ್ ಕೇಳ್ತಿದ್ದಿದ್ದು ಹರಾಜಿನ ಕೊನೇ ಬೆಲೆ ಮೇಲೆ ಮಾತ್ರ, ಪೋಸ್ಟೇಜ್ ಮೇಲಲ್ಲ. ಈಗ ನೀವೇ ಸೆಲ್ಲರ್ ಆಗಿ ಯೋಚನೆ ಮಾಡಿ. ಕಮಿಷನ್ 9 ಪರ್ಸೆಂಟ್, ಸಾಮಾನಿಗೆ ಒಟ್ಟು 30 ಡಾಲರ್ ಬರ್ಬೇಕು. 25 ಬೆಲೆ, 5 ಶಿಪ್ಪಿಂಗ್ ಅಂತ ಹಾಕಿದ್ರೆ ಸೈಟಿಗೆ 2 ಡಾಲರ್ 25 ಸೆಂಟ್ ಹೋಗತ್ತೆ. 1 ಬೆಲೆ, 29 ಶಿಪ್ಪಿಂಗ್ ಅಂತ ಹಾಕಿದ್ರೆ ಒಂಬತ್ತು ಸೆಂಟ್. ತಿಂಗಳಿಗೆ ಇನ್ನೂರು ಸಾಮಾನು ಮಾರೋನಿಗೆ ಇದು ಚಿಲ್ಲರೆ ಅಲ್ಲ, ಮನೆ ಬಾಡಿಗೆ ಹೊರಡತ್ತೆ. ಮತ್ತೆ ಇದ್ರಲ್ಲಿ ಮೋಸ ಹೋಗ್ತಿರೋನು ಕೊಳ್ಳೋನೊಬ್ನೇ ಅಲ್ಲ, ಪಕ್ಕದಲ್ಲಿ ನಿಯತ್ತಾಗಿ 25 ಮತ್ತು 5 ಅಂತ ಹಾಕಿರೋ ಸೆಲ್ಲರ್ ಕೂಡ. ಅವನು ಜಾಸ್ತಿ ಕಮಿಷನ್ ಕಟ್ತಾನೆ, ಮೇಲೆ ಬೆಲೆ ಪ್ರಕಾರ ಜೋಡಿಸಿದ ಪಟ್ಟೀಲಿ ಕೆಳಗೆಲ್ಲೋ ಬಿದ್ದಿರ್ತಾನೆ, ಯಾಕಂದ್ರೆ ಒಂದು ಡಾಲರಿನವನು ಮೊದಲನೇ ಪೇಜಲ್ಲಿ ಕೂತಿದಾನೆ. ನನ್ನ ಪ್ರಕಾರ ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇದೇ, ಕೊಳ್ಳೋನು ಒಂದ್ಸಲ ಪಾಠ ಕಲಿತು ಹೋಗ್ತಾನೆ, ನಿಯತ್ತಿನ ಸೆಲ್ಲರ್ ದಿನಾ ಸೋಲ್ತಾನೆ, ಕೊನೆಗೆ ಅವನೂ ಒಂದು ಡಾಲರ್ ಆಟಕ್ಕೆ ಇಳೀತಾನೆ.

ಮೂರನೇ ಲಾಭ ರಿಟರ್ನ್‌ದು. ಸಾಮಾನು ವಾಪಸ್ ಮಾಡ್ತೀನಿ ಅಂದ್ರೆ "ಸರಿ, ಬೆಲೆ ವಾಪಸ್ ಕೊಡ್ತೀನಿ, ಶಿಪ್ಪಿಂಗ್ ವಾಪಸ್ ಇಲ್ಲ" ಅನ್ನೋದು ಮಾಮೂಲಿ ಕಂಡೀಷನ್. ಬೆಲೆ ಒಂದು ಡಾಲರ್ ಆಗಿದ್ರೆ ವಾಪಸ್ ಬರೋದು ಒಂದು ಡಾಲರ್. ಯಾರು ವಾಪಸ್ ಮಾಡ್ತಾರೆ ಹೇಳಿ. ಯೂರೋಪಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯ್ತು, ಹೈನ್ರಿಶ್ ಹೈನೆ ಅನ್ನೋ ಜರ್ಮನ್ ಮೇಲ್ ಆರ್ಡರ್ ಕಂಪನಿಯ ಕೇಸು (ಕವಿಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ). ಗ್ರಾಹಕ ಕೂಲಿಂಗ್ ಆಫ್ ಅವಧಿಯಲ್ಲಿ (ಕೊಂಡ್ಮೇಲೆ ಮನಸ್ಸು ಬದಲಾಯಿಸೋಕೆ ಕಾನೂನು ಕೊಡೋ ದಿನಗಳಲ್ಲಿ) ಬೇಡ ಅಂದ್ರೆ ಮೊದಲು ಕಳಿಸಿದ ಡೆಲಿವರಿ ಚಾರ್ಜನ್ನೂ ವಾಪಸ್ ಕೊಡ್ಬೇಕು ಅಂತ 2010ರ ಏಪ್ರಿಲಲ್ಲಿ ಯೂರೋಪಿಯನ್ ಕೋರ್ಟ್ ಆಫ್ ಜಸ್ಟೀಸ್ ತೀರ್ಪು ಕೊಡ್ತು. ಅಲ್ಲಿನ ಕಾನೂನು ಅದೇ ದಾರೀಲಿ ಮುಂದೆ ಹೋಯ್ತು, ಸ್ಟ್ಯಾಂಡರ್ಡ್ ಡೆಲಿವರಿ ಎಷ್ಟೋ ಅಷ್ಟು ವಾಪಸ್, ನೀವೇ ಎಕ್ಸ್‌ಪ್ರೆಸ್ ಕೇಳಿದ್ರೆ ಆ ಹೆಚ್ಚಿನ ದುಡ್ಡು ಮಾತ್ರ ಇಲ್ಲ. ಆದ್ರೆ ಇದು ವ್ಯಾಪಾರ ಮಾಡೋ ಸೆಲ್ಲರ್‌ಗೆ, ಮನೆ ಅಟ್ಟ ಖಾಲಿ ಮಾಡ್ತಿರೋ ಅಜ್ಜನಿಗಲ್ಲ.

ಸೈಟುಗಳು ಏನು ಮಾಡಿದ್ವು? ಮೊದಲು ಬುದ್ಧಿ ಹೇಳಿದ್ವು. ಶಿಪ್ಪಿಂಗ್ ನ್ಯಾಯವಾಗಿರ್ಲಿ, ಅತಿಯಾದ್ರೆ ಲಿಸ್ಟಿಂಗ್ ತೆಗೀತೀವಿ ಅಂತ ನಿಯಮ. ಆದ್ರೆ ಅತಿ ಅಂದ್ರೆ ಎಷ್ಟು? ಗಾಜಿನ ಹೂದಾನಿಗೆ ಬಬಲ್ ಸುತ್ತಿ ಎರಡು ಡಬ್ಬದೊಳಗೆ ಇಟ್ಟು ಕಳಿಸೋಕೆ ಖರ್ಚಾಗತ್ತೆ, ಅದನ್ನ ಆಫೀಸಲ್ಲಿ ಕೂತು ಯಾರು ಅಳೀತಾರೆ. ಆಮೇಲೆ 2007ರಲ್ಲಿ ಇಬೇ ನಾಲ್ಕು ವಿಷ್ಯಕ್ಕೆ ಬೇರೆಬೇರೆ ಸ್ಟಾರ್ ಕೊಡೋ ವ್ಯವಸ್ಥೆ ತಂತು: ಹೇಳಿದಂಗೆ ಸಾಮಾನು ಇತ್ತಾ, ಮಾತುಕತೆ ಹೆಂಗಿತ್ತು, ಎಷ್ಟು ಬೇಗ ಬಂತು, ಶಿಪ್ಪಿಂಗ್ ಚಾರ್ಜ್ ಹೆಂಗಿತ್ತು. ಅಲ್ಲಿವರೆಗೂ ಕೊಳ್ಳೋರು ಕೆಟ್ಟದಾಗಿ ಬರೆಯೋಕೇ ಹೆದರ್ತಿದ್ರು, ಸೆಲ್ಲರ್ ತಿರುಗಿ ನಮಗೂ ಕೆಟ್ಟದಾಗಿ ಬರೀತಾನೆ ಅಂತ, 2008ರಲ್ಲಿ ಸೆಲ್ಲರ್‌ಗಳು ಕೊಳ್ಳೋರಿಗೆ ನೆಗೆಟಿವ್ ಕೊಡೋದನ್ನೇ ಇಬೇ ನಿಲ್ಲಿಸಿಬಿಡ್ತು. ಸ್ಟಾರ್‌ನಿಂದ ಪ್ರಯೋಜನ ಆಯ್ತು, ಆದ್ರೆ ನಿಯತ್ತಿನವರ ಗೋಳು ಬೇರೆ: ಪೋಸ್ಟಾಫೀಸು ರೇಟ್ ಏರಿಸಿದ್ರೆ ಸ್ಟಾರ್ ಕಳ್ಕೊಳ್ಳೋನು ಸೆಲ್ಲರ್ರು.

ನಿಜವಾಗಿ ಆಟ ಕೆಡಿಸಿದ್ದು ಒಂದು ಸಣ್ಣ ಲೆಕ್ಕದ ಬದಲಾವಣೆ. 2011ರ ಜುಲೈಯಿಂದ ಅಮೆರಿಕಾದ ಇಬೇ ಕಮಿಷನ್‌ನ ಬೆಲೆ ಪ್ಲಸ್ ಶಿಪ್ಪಿಂಗ್ ಎರಡೂ ಸೇರಿದ ಮೊತ್ತದ ಮೇಲೆ ತಗೊಳ್ಳೋಕೆ ಶುರು ಮಾಡ್ತು. ಮೇಲಿನ ಉದಾಹರಣೇಲಿ 25 ಪ್ಲಸ್ 5 ಇರ್ಲಿ, 1 ಪ್ಲಸ್ 29 ಇರ್ಲಿ, ಈಗ 2 ಡಾಲರ್ 70 ಸೆಂಟ್. ಬಚ್ಚಿಡೋಕೆ ಕಾರಣಾನೇ ಹೋಯ್ತು. ಸೆಲ್ಲರ್‌ಗಳು ಸಿಕ್ಕಾಪಟ್ಟೆ ಬೈದ್ರು, ಅದರಲ್ಲಿ ಅರ್ಧ ನ್ಯಾಯವಾದ ಬೈಗುಳಾನೇ, ಯಾಕಂದ್ರೆ ಪೋಸ್ಟಾಫೀಸಿಗೆ ಕೊಡೋ ದುಡ್ಡಲ್ಲಿ ನಿಮಗ್ಯಾಕೆ ಪಾಲು ಅಂತ. ಭಾರದ ಸಾಮಾನು ಮಾರೋನಿಗೆ ನಿಜವಾಗ್ಲೂ ಹೊಡೆತ ಬಿತ್ತು, ಹಳೇ ಹೊಲಿಗೆ ಮಷೀನು ಕಳಿಸೋಕೆ ಶಿಪ್ಪಿಂಗೇ ಬೆಲೆಗಿಂತ ಜಾಸ್ತಿ ಇರತ್ತೆ, ಅವನೇನೂ ಬಚ್ಚಿಟ್ಟಿರ್ಲಿಲ್ಲ. ಕಳ್ಳನ್ನ ಹಿಡಿಯೋಕೆ ಹಾಕಿದ ಬಲೇಲಿ ಸಂತೆಗೆ ಬಂದವನೂ ಸಿಕ್ಕಿಬಿದ್ದ. ಅಷ್ಟಾದ್ರೂ ನಾನು ಇದನ್ನೇ ಸರಿ ಅಂತೀನಿ, ಯಾಕಂದ್ರೆ ಬುದ್ಧಿ ಹೇಳೋದು, ಸ್ಟಾರ್ ಕೊಡೋದು ಎಲ್ಲ ಸೆಲ್ಲರ್‌ನ ಒಳ್ಳೇತನದ ಮೇಲೆ ನಿಂತಿತ್ತು, ಇದು ನಿಂತಿದ್ದು ಅವನ ಲಾಭದ ಮೇಲೆ. ಜೊತೆಗೆ ಹುಡುಕಾಟದಲ್ಲಿ ಬೆಲೆ ಪ್ಲಸ್ ಶಿಪ್ಪಿಂಗ್ ಸೇರಿಸಿ ಕಮ್ಮಿಯಿಂದ ಜಾಸ್ತಿಗೆ ಜೋಡಿಸೋ ಆಯ್ಕೇನೂ ಇದೆ, ಅದನ್ನ ಒತ್ತಿದ್ರೆ ಒಂದು ಡಾಲರ್ ವೀರರು ಸೀದಾ ಕೆಳಗೆ ಹೋಗ್ತಾರೆ. ಯಾವ ಸೈಟಲ್ಲಿದ್ರೂ ನಾನು ಮೊದಲು ಒತ್ತೋದು ಅದೇ.

ಅಮೆಝಾನಲ್ಲಿ ಇದರದ್ದೇ ಒಂದು ತಮಾಷೆ ರೂಪ ಇತ್ತು. ಅಮೆರಿಕಾದಲ್ಲಿ ಹಳೇ ಪುಸ್ತಕ ಮಾರೋರಿಗೆ ಶಿಪ್ಪಿಂಗ್ ಎಷ್ಟು ಅಂತ ಅಮೆಝಾನೇ ಫಿಕ್ಸ್ ಮಾಡಿತ್ತು, ಬಹಳ ವರ್ಷ 3.99 ಡಾಲರ್. ಪೈಪೋಟೀಲಿ ಪುಸ್ತಕದ ಬೆಲೆ ಇಳೀತಾ ಇಳೀತಾ ಒಂದು ಸೆಂಟಿಗೆ ಬಂತು, ಪೆನ್ನಿ ಬುಕ್ಸ್ ಅಂತಾನೇ ಹೆಸರಾಯ್ತು. ಲಕ್ಷಾಂತರ ಪುಸ್ತಕ ರಾಶಿ ಹಾಕ್ಕೊಂಡಿದ್ದ ದೊಡ್ಡ ವ್ಯಾಪಾರಿಗಳು ಪೋಸ್ಟಾಫೀಸಿಂದ ಅಗ್ಗದ ರೇಟ್ ತಗೊಂಡು 3.99ಕ್ಕೂ ನಿಜವಾದ ಖರ್ಚಿಗೂ ಮಧ್ಯ ಉಳಿಯೋ ಚಿಲ್ಲರೇಲಿ ಬದುಕ್ತಿದ್ರು. ಅಲ್ಲಿ ಮಾತ್ರ ಯಾರೂ ಮೋಸ ಅಂತ ಅನ್ಲಿಲ್ಲ, ನೋಡಿ. ಎಲ್ರಿಗೂ ಅದೇ ರೇಟ್, ಎಲ್ರಿಗೂ ಮೊದಲೇ ಗೊತ್ತು. ಪುಸ್ತಕದ ಬೆಲೆ ಪೂರ್ತಿ ಪೋಸ್ಟೇಜಲ್ಲೇ ಇತ್ತು, ಆದ್ರೂ ಬಚ್ಚಿಟ್ಟಿದ್ದಲ್ಲ.

ಹಂಗಾಗಿ ಪೋಸ್ಟೇಜು ಜಾಸ್ತಿ ಇರೋದೇ ತಪ್ಪು ಅಂತ ನಾನು ಹೇಳಲ್ಲ. "ಕವರ್ ಮೇಲೆ 60 ರೂಪಾಯಿ ಇದೆ, ನೀನು 100 ತಗೊಂಡಿದೀಯಾ ಕಳ್ಳ" ಅಂತ ಬೈಯೋರನ್ನ ನೋಡಿದೀನಿ, ಅದೂ ಸರಿಯಲ್ಲ. ರಟ್ಟಿಗೆ ದುಡ್ಡು, ಟೇಪಿಗೆ ದುಡ್ಡು, ಪೋಸ್ಟಾಫೀಸಿಗೆ ಹೋಗಿ ಬರೋಕೆ ಪೆಟ್ರೋಲು, ಅರ್ಧ ದಿನ ಕ್ಯೂ. ಅಂಚೆಯ ಇತಿಹಾಸದಲ್ಲೇ ಇದಕ್ಕೊಂದು ಚೆನ್ನಾಗಿರೋ ಸಾಕ್ಷಿ ಇದೆ. ಇಂಗ್ಲೆಂಡಲ್ಲಿ 1840ಕ್ಕೆ ಮುಂಚೆ ಕಾಗದಕ್ಕೆ ದುಡ್ಡು ಸಾಮಾನ್ಯವಾಗಿ ಕೊಡ್ತಿದ್ದಿದ್ದು ತಗೊಳ್ಳೋನು, ಅದೂ ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ ಹಾಕಿ. ಅಂಚೆ ಸುಧಾರಣೆಗೆ ಹೊರಟ ರೋಲೆಂಡ್ ಹಿಲ್ ಕೂತು ಲೆಕ್ಕ ಮಾಡಿ ನೋಡಿದ್ರೆ ಲಂಡನ್ನಿಂದ ಎಡಿನ್‌ಬರಾಗೆ ಒಂದು ಕಾಗದ ಹೊತ್ಕೊಂಡು ಹೋಗೋ ಖರ್ಚು ಒಂದು ಪೆನ್ನಿಯ ಮೂವತ್ತಾರನೇ ಒಂದು ಭಾಗ ಅಷ್ಟೆ, ಉಳಿದ ಖರ್ಚೆಲ್ಲ ತಗೊಳ್ಳೋದು, ಬರ್ಕೊಳ್ಳೋದು, ವಸೂಲಿ ಮಾಡೋದು ಇದಕ್ಕೇ. ಅಂದ್ರೆ ಹ್ಯಾಂಡ್ಲಿಂಗು! ಅದಕ್ಕೇ ದೂರ ನೋಡದೆ ಎಲ್ಲ ಕಡೆಗೂ ಒಂದು ಪೆನ್ನಿ, ಕಳಿಸೋನೇ ಮೊದಲು ಕಟ್ಲಿ ಅಂತಾಯ್ತು, ಜಗತ್ತಿನ ಮೊದಲ ಅಂಚೆ ಸ್ಟಾಂಪು ಪೆನ್ನಿ ಬ್ಲ್ಯಾಕ್ ಹುಟ್ಟಿದ್ದು ಹಂಗೆ. ನನ್ನ ಹುಚ್ಚಿಗೆ ಮೂಲಾನೂ ಅದೇ, ಅದಿರ್ಲಿ.

ಹಂಗಾದ್ರೆ ಫ್ರೀ ಶಿಪ್ಪಿಂಗ್ ಮಾಡಿಬಿಟ್ರೆ ಎಲ್ಲ ಸರಿಹೋಗತ್ತಾ? ಇಲ್ಲಿ ಜನ ಎಡವೋದು. ಫ್ರೀ ಅಂದ್ರೆ ಪೋಸ್ಟೇಜು ಮಾಯ ಆಗಲ್ಲ, ಬೆಲೆ ಒಳಗೆ ಹೋಗಿ ಕೂತ್ಕೊಳತ್ತೆ. ಬೆಂಗಳೂರಿನ ಸೆಲ್ಲರ್ ಹತ್ರ ಜಯನಗರದವನೂ ಗುವಾಹಟಿಯವನೂ ಒಂದೇ ಬೆಲೆಗೆ ತಗೊಂಡ್ರೆ ಜಯನಗರದವನು ಗುವಾಹಟಿಯವನ ಪಾರ್ಸಲ್ಲಿಗೆ ಸ್ವಲ್ಪ ಕೊಟ್ಟಂಗೆ. ಒಬ್ಬನ ಹತ್ರಾನೇ ನಾಲ್ಕು ಸ್ಟಾಂಪ್ ಗೆದ್ರೆ ಇನ್ನೂ ಮಜ: ನಾಲ್ಕರ ಬೆಲೆಯಲ್ಲೂ ಪೋಸ್ಟೇಜ್ ಸೇರಿದೆ, ಬರೋದು ಒಂದೇ ಕವರ್ರು. ಪೋಸ್ಟೇಜ್ ಬೇರೆ ಹಾಕಿದ್ರೆ ಒಟ್ಟಿಗೆ ಕಳಿಸಿ, ಒಂದೇ ಚಾರ್ಜ್ ತಗೊಳ್ಳಿ ಅಂತ ಕೇಳಬಹುದಿತ್ತು, ಫ್ರೀ ಆದ್ರೆ ಏನಂತ ಕೇಳ್ತೀರಿ. ಇನ್ನು ಹರಾಜಲ್ಲಂತೂ ಫ್ರೀ ಶಿಪ್ಪಿಂಗ್ ಸೆಲ್ಲರ್‌ಗೆ ಜೂಜು, ಬೆಲೆ ಎಲ್ಲಿ ನಿಲ್ಲತ್ತೆ ಗೊತ್ತಿಲ್ಲ, ಹತ್ತು ರೂಪಾಯಿಗೆ ನಿಂತ್ರೆ ಕೈಯಿಂದ ಹಾಕಿ ಕಳಿಸ್ಬೇಕು. ಬ್ರಿಟನ್‌ನಲ್ಲಿ ಎಷ್ಟೋ ಕಡೆ ಫ್ರೀ ಡೆಲಿವರಿ ಅಂತ ಹಾಕಿ ಕೆಳಗೆ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ಗೆ ಬೇರೆ ಚಾರ್ಜು ಅಂತ ಇರತ್ತೆ, ಅಲ್ಲಿನ ಇನ್ವರ್ನೆಸ್ ಊರಿನವರು ನಾವೇನು ದ್ವೀಪದಲ್ಲಿದೀವಾ, ನಮ್ಮೂರಿಗೂ ರಸ್ತೆ ರೈಲು ಎಲ್ಲ ಇದೆ ಅಂತ ವರ್ಷಗಟ್ಟಲೆಯಿಂದ ಕೂಗ್ತಿದಾರೆ.

ಚೀನಾದಿಂದ ಒಂದು ಡಾಲರಿನ ಕೇಬಲ್ಲು ಫ್ರೀ ಶಿಪ್ಪಿಂಗಲ್ಲಿ ಹೆಂಗೆ ಬರ್ತಿತ್ತು ಅಂತ ಎಷ್ಟೋ ಜನ ಕೇಳಿದಾರೆ. ಅದರಲ್ಲಿ ಸೆಲ್ಲರ್ ಕೈಚಳಕಕ್ಕಿಂತ ಜಾಸ್ತಿ ಅಂಚೆ ಇಲಾಖೆಗಳ ಒಪ್ಪಂದ ಇತ್ತು. ಒಂದು ದೇಶದ ಅಂಚೆ ಇನ್ನೊಂದು ದೇಶಕ್ಕೆ ಕೊಟ್ಟ ಸಣ್ಣ ಪ್ಯಾಕೆಟ್ಟನ್ನ ಮನೆಗೆ ಮುಟ್ಟಿಸೋಕೆ ಎಷ್ಟು ಕೊಡ್ಬೇಕು ಅಂತ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ಅನ್ನೋ ದೇಶದೇಶಗಳ ಅಂಚೆ ಒಕ್ಕೂಟ ರೇಟ್ ಕಟ್ಟತ್ತೆ, ಟರ್ಮಿನಲ್ ಡ್ಯೂಸ್ ಅಂತ. ಚೀನಾಗೆ ಆ ರೇಟ್ ಎಷ್ಟು ಕಮ್ಮಿ ಇತ್ತು ಅಂದ್ರೆ ಅಮೆರಿಕಾದ ಒಳಗೇ ಒಂದೂರಿಂದ ಇನ್ನೊಂದೂರಿಗೆ ಕಳಿಸೋಕಿಂತ ಅಲ್ಲಿಂದ ಕಳಿಸೋದು ಅಗ್ಗ. ಅಮೆರಿಕಾ ಯೂನಿಯನ್ನೇ ಬಿಟ್ಟು ಹೋಗ್ತೀನಿ ಅಂತ ಹೆದರಿಸಿ, 2019ರ ಸೆಪ್ಟೆಂಬರಲ್ಲಿ ಜಿನೀವಾದಲ್ಲಿ ವಿಶೇಷ ಸಭೆ ಸೇರಿ, ಕೊನೆಗೆ ತನ್ನ ರೇಟ್ ತಾನೇ ಹೇಳ್ಕೊಳ್ಳೋ ಹಂಗೆ ಮಾಡ್ಕೊಂಡ್ತು. ಇದು ಬೇರೇನೇ ಒಂದು ಪುರಾಣ, ಇಲ್ಲಿಗೆ ಸಾಕು.

ನಮ್ಮ ದೇಶದ ಕಡೆ ಬರೋಣ. ಇಲ್ಲಿ ಬಾಝೀ ಅಂತ ಸೈಟ್ ಇತ್ತು, 2004ರಲ್ಲಿ ಇಬೇ ಅದನ್ನ ಕೊಂಡ್ಕೊಂಡು ಇಬೇ ಇಂಡಿಯಾ ಆಯ್ತು, 2017ರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈಗೆ ಬಂತು, 2018ರ ಆಗಸ್ಟಲ್ಲಿ ಬಾಗಿಲು ಹಾಕ್ತು. ಅಲ್ಲಿದ್ದ ಸ್ಟಾಂಪು, ನಾಣ್ಯ, ಹಳೇ ರೆಕಾರ್ಡಿನವರೆಲ್ಲ ಬಹಳಷ್ಟು ಜನ ಫೇಸ್‌ಬುಕ್ಕು, ವಾಟ್ಸಾಪು ಗುಂಪುಗಳಿಗೆ ಹೋದ್ರು, ಅಲ್ಲೇ ಕಾಮೆಂಟಲ್ಲೇ ಬಿಡ್ ಕೂಗ್ತಾರೆ. ಕಾನೂನು ಅಂತ ಬಂದ್ರೆ ಚೆನ್ನಾಗೇ ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆ ಒಂದೇ ಅಂಕಿಯಲ್ಲಿ ತೋರಿಸ್ಬೇಕು, ಅದರ ಜೊತೆ ಡೆಲಿವರಿ, ಪೋಸ್ಟೇಜು, ಹ್ಯಾಂಡ್ಲಿಂಗು, ಟ್ಯಾಕ್ಸು ಎಲ್ಲದರ ವಿವರ ಬಿಡಿಸಿ ಕೊಡ್ಬೇಕು. 2023ರ ನವೆಂಬರ್ 30ಕ್ಕೆ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಲ್ಲಿ ಗ್ರಾಹಕರ ದಾರಿ ತಪ್ಪಿಸೋ ತಂತ್ರ) ಮಾರ್ಗಸೂಚಿಯಲ್ಲಿ ಹದಿಮೂರು ತರದ ಚಾಲಾಕಿ ಪಟ್ಟಿ ಮಾಡಿದಾರೆ, ಅದರಲ್ಲಿ ಡ್ರಿಪ್ ಪ್ರೈಸಿಂಗ್ ಅನ್ನೋದು ನಮ್ಮ ವಿಷ್ಯಾನೇ. ನಲ್ಲಿ ತೊಟ್ಟಿಕ್ಕಿದಂಗೆ ಬೆಲೆನ ಒಂದೊಂದೇ ಹನಿ ಬಿಡೋದು, ಮೊದಲು ಒಂದು ತೋರಿಸಿ ದುಡ್ಡು ಕಟ್ಟೋ ಪೇಜಿಗೆ ಬರೋ ಹೊತ್ತಿಗೆ ಇನ್ನೊಂದು ಮಾಡೋದು. ಬ್ರಿಟನ್ನಲ್ಲೂ 2025ರ ಏಪ್ರಿಲ್‌ನಿಂದ ಇದಕ್ಕೆ ಕಾನೂನು ಬಂದಿದೆ, ಅವರದ್ದರಲ್ಲಿ ಒಂದು ವಿವೇಕದ ಮಾತಿದೆ: ಡೆಲಿವರಿ ಎಷ್ಟಾಗತ್ತೆ ಅಂತ ಮೊದಲೇ ಹೇಳೋಕೆ ಆಗದೇ ಇದ್ರೆ, ಹೆಂಗೆ ಲೆಕ್ಕ ಹಾಕ್ತೀವಿ ಅನ್ನೋದನ್ನಾದ್ರೂ ಅಷ್ಟೇ ಎದ್ದು ಕಾಣೋ ಹಂಗೆ ಹೇಳ್ಬೇಕು.

ಆದ್ರೆ ನಮ್ಮ ಇ-ಕಾಮರ್ಸ್ ನಿಯಮ ವ್ಯಾಪಾರವಾಗಿ ಮಾರದೆ, ಆಗೊಂದು ಈಗೊಂದು ಸ್ವಂತದ್ದು ಮಾರೋ ವ್ಯಕ್ತಿಗೆ ಅನ್ವಯ ಆಗಲ್ಲ. ಅಂದ್ರೆ ವಾಟ್ಸಾಪ್ ಗುಂಪಲ್ಲಿ ತನ್ನ ಹತ್ರ ಎರಡೆರಡಿರೋ ಸ್ಟಾಂಪಲ್ಲಿ ಒಂದನ್ನ ಮಾರೋನು ಇದರ ಹೊರಗೆ. ಅಲ್ಲಿ ಕಾನೂನು ಇಲ್ಲ, ಗುಂಪಿನ ಅಡ್ಮಿನ್ನೇ ಕೋರ್ಟು. ನಾನಿರೋ ಗುಂಪಲ್ಲಿ ಮೊದಲು "ಪೋಸ್ಟೇಜ್ ಎಕ್ಸ್‌ಟ್ರಾ" ಅಂತ ಎರಡೇ ಪದ ಹಾಕಿ ಬಿಡೋರು, ಯಾರೂ ಕೇಳ್ತಿರ್ಲಿಲ್ಲ, ಯಾಕಂದ್ರೆ ಎಲ್ರಿಗೂ ಗೊತ್ತಿತ್ತು, ರಿಜಿಸ್ಟರ್ಡ್ ಪೋಸ್ಟು, 20 ಗ್ರಾಮಿಗೆ 5 ರೂಪಾಯಿ ಸ್ಟಾಂಪು, 17 ರೂಪಾಯಿ ರಿಜಿಸ್ಟ್ರೇಶನ್ನು, ಒಟ್ಟು 22. ಯಾರೂ ಬಚ್ಚಿಡೋಕೆ ಆಗ್ತಿರ್ಲಿಲ್ಲ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಡ್ತು, ಅಕ್ಟೋಬರಿಂದ ಸ್ಪೀಡ್ ಪೋಸ್ಟ್ ರೇಟೂ ಬದಲಾಯ್ತು, 50 ಗ್ರಾಮ್‌ವರೆಗೆ ಬೇರೆ ಊರಿಗೆ 47 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಂದ್ರೆ ಹತ್ರಹತ್ರ 55. ಮೂವತ್ತು ರೂಪಾಯಿ ಸ್ಟಾಂಪಿಗೆ ಐವತ್ತೈದು ರೂಪಾಯಿ ಪೋಸ್ಟೇಜು! ಇದ್ರಲ್ಲಿ ಯಾರ ಮೋಸವೂ ಇಲ್ಲ, ಆದ್ರೂ ಗುಂಪಲ್ಲಿ ಜಗಳ ಶುರುವಾಯ್ತು, ಒಬ್ಬ ಎಪ್ಪತ್ತು ಅಂತಾನೆ, ಇನ್ನೊಬ್ಬ ತೊಂಬತ್ತು ಅಂತಾನೆ, ಹಳೇ ರೇಟು ತಲೇಲಿ ಇರೋರು ಎಲ್ರನ್ನೂ ಕಳ್ಳರು ಅಂತಾರೆ. ರೇಟ್ ಎಲ್ರಿಗೂ ಬಾಯಿಪಾಠ ಇದ್ದಾಗ ನಂಬಿಕೆ ಬಿಟ್ಟಿ ಬರ್ತಿತ್ತು, ಅದು ಹೋದ್ಮೇಲೆ ಬರೆದು ಹೇಳೋದು ಬಂತು. ಈಗ ಅಡ್ಮಿನ್ ರೂಲ್ ಮಾಡಿದಾರೆ, ಶುರು ಬೆಲೆ ಪಕ್ಕದಲ್ಲೇ ಪೋಸ್ಟೇಜ್ ಅಂಕಿ ಇರ್ಬೇಕು, ಎರಡನೇ ಲಾಟಿಂದ ಮೇಲೆ ಪೋಸ್ಟೇಜ್ ಇಲ್ಲ, ಬರೀದೇ ಇದ್ರೆ ಫ್ರೀ ಅಂತ ಲೆಕ್ಕ.

ಹೋದ ತಿಂಗಳು ನಾನೂ ಒಂದು ಸಣ್ಣ ಲಾಟ್ ಹಾಕಿದ್ದೆ, ಪೋಸ್ಟೇಜ್ 80 ಅಂತ ಬರೆದು. ಗೆದ್ದವರು ಹುಬ್ಬಳ್ಳಿಯವರು, ಒಟ್ಟು ದುಡ್ಡು ಹಾಕಿದ್ರು. ರಟ್ಟು ಕವರ್ರು ಎಲ್ಲ ಮನೇಲಿದ್ದಿದ್ದೇ, ಕಳಿಸಿದ್ಮೇಲೆ ನೋಡಿದ್ರೆ 24 ರೂಪಾಯಿ ಚಿಲ್ಲರೆ ನನ್ನ ಹತ್ರ ಉಳೀತು. ಹದಿನೆಂಟು ಡಾಲರ್ ಕವರ್ರು ನೆನಪಾಗಿ "ಸರ್, 24 ರೂಪಾಯಿ ವಾಪಸ್ ಹಾಕ್ಲಾ" ಅಂತ ಮೆಸೇಜ್ ಮಾಡಿದೆ. "ಏ ಇರ್ಲಿ ಬಿಡ್ರೀ ಸರ, ಮೊದ್ಲ ಬರದಿದ್ರಿಲ್ಲೊ" ಅಂತ ಉತ್ತರ ಬಂತು, ಅದರ ಕೆಳಗೇ ಇನ್ನೊಂದು, "ಕವರ್ ಮ್ಯಾಲಿನ ಸ್ಟಾಂಪ್ ಚಲೋವ ಹಚ್ಚೀರೇನ್ರಿ?" ಸ್ಪೀಡ್ ಪೋಸ್ಟಲ್ಲಿ ಈಗ ಅಂಟಿಸೋದು ಕಂಪ್ಯೂಟರ್ ಚೀಟಿ, ಸ್ಟಾಂಪೇ ಹಚ್ಚಿರ್ಲಿಲ್ಲ.